ಸುಂಕವಿಲ್ಲದ ಸಂತೆ ಎಲ್ಲಿದೆ?

ಸಾಫ್ಟ್‌ವೇರ್ ಬರೆಯುವವರ ಜಗತ್ತಿಗೂ ಒಂದು ಸಾಹಿತ್ಯ ಇದೆ. ನಮ್ಮ ವಿಮರ್ಶಕರು ಅದನ್ನು ಇನ್ನೂ ಸಾಹಿತ್ಯ ಅಂತ ಕರೆದಿಲ್ಲ, ಕರೆಯುವ ಅವಸರವೂ ಅವರಿಗಿಲ್ಲ. ಆದರೆ ಬೆಂಗಳೂರಿನಲ್ಲಿ ಲಕ್ಷಾಂತರ ಹುಡುಗ ಹುಡುಗಿಯರು ಹಗಲೂ ರಾತ್ರಿ ಮಾಡುತ್ತಿರುವ ಕೆಲಸಕ್ಕೆ ಒಂದು ನೀತಿ ಹೇಳುವ, ಒಂದು ಹೆಮ್ಮೆ ಕೊಡುವ ಬರವಣಿಗೆ ಇದ್ದರೆ ಅದನ್ನು ಓದಿ ತೂಗುವುದು ವಿಮರ್ಶೆಯ ಕೆಲಸವೇ ಹೌದು. ಅಂಥ ಬರವಣಿಗೆಗಳಲ್ಲಿ ಎರಿಕ್ ರೇಮಂಡ್ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ 'ದಿ ಕೆಥೀಡ್ರಲ್ ಅಂಡ್ ದಿ ಬಜಾರ್' ಬಹಳ ದೊಡ್ಡ ಹೆಸರಿನದು. 1997ರ ಮೇ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಊರಿನಲ್ಲಿ ನಡೆದ ಲಿನಕ್ಸ್ ಕಾಂಗ್ರೆಸ್ ಎಂಬ ಸಮ್ಮೇಳನದಲ್ಲಿ ಓದಿದ ಪ್ರಬಂಧ ಅದು. 1999ರಲ್ಲಿ ಬೇರೆ ಪ್ರಬಂಧಗಳ ಜೊತೆ ಸೇರಿ ಪುಸ್ತಕವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1998ರಲ್ಲಿ, ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡನ್ನು ಲೋಕಕ್ಕೆ ಬಿಚ್ಚಿಟ್ಟಾಗ ಈ ಪ್ರಬಂಧದ ಪ್ರಭಾವ ಇತ್ತು ಅಂತ ಒಪ್ಪಿಕೊಂಡಿತು. ಒಂದು ಪ್ರಬಂಧ ಒಂದು ಕಂಪನಿಯ ತೀರ್ಮಾನವನ್ನು ತಿರುಗಿಸಿತು ಅಂದರೆ ಅದು ಸಣ್ಣ ಮಾತಲ್ಲ. ನಮ್ಮ ಎಷ್ಟು ಕಾವ್ಯ ಒಂದು ತಾಲ್ಲೂಕು ಕಚೇರಿಯ ತೀರ್ಮಾನ ತಿರುಗಿಸಿದೆ ಅಂತ ಕೇಳಿಕೊಂಡರೆ ಸಾಕು.

ಪ್ರಬಂಧದ ಕಥೆ ಸಣ್ಣದು. ದೂರದ ಯಂತ್ರದಲ್ಲಿ ಬಿದ್ದಿರುವ ಮಿಂಚಂಚೆಯನ್ನು ತನ್ನ ಯಂತ್ರಕ್ಕೆ ತರುವ ಒಂದು ಪ್ರೋಗ್ರಾಮು ರೇಮಂಡನಿಗೆ ಬೇಕಿತ್ತು. ಬೇರೆಯವನೊಬ್ಬ ಬರೆದು ಆಸಕ್ತಿ ಕಳೆದುಕೊಂಡಿದ್ದ ಒಂದು ಪ್ರೋಗ್ರಾಮನ್ನು ಅವನ ಒಪ್ಪಿಗೆ ಪಡೆದು ಕೈಗೆ ತಗೊಂಡ, ಬೆಳೆಸಿದ, 'ಫೆಚ್‌ಮೇಲ್' ಅಂತ ಹೆಸರಿಟ್ಟ. ಬೆಳೆಸುವಾಗ ಎರಡು ದಾರಿ ಕಂಡ. ಒಂದು ದೊಡ್ಡ ಇಗರ್ಜಿ ಕಟ್ಟುವ ದಾರಿ: ಬಾಗಿಲು ಹಾಕಿಕೊಂಡು ಕೆಲವೇ ಜನ ಕಟ್ಟಿ, ಪೂರ್ತಿಯಾದ ಮೇಲೆ ಪರದೆ ತೆಗೆಯೋದು. ಇನ್ನೊಂದು ಸಂತೆಯ ದಾರಿ: ಅರೆಬರೆಯಾಗಿದ್ದಾಗಲೇ ಎಲ್ಲರ ಮುಂದೆ ಹರವಿ, ಬಂದವರ ಮಾತು ಕೇಳಿ, ವಾರಕ್ಕೊಮ್ಮೆ ದಿನಕ್ಕೊಮ್ಮೆ ತಿದ್ದಿ ಮತ್ತೆ ಹರವೋದು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಈ ಎರಡನೇ ದಾರಿಯಲ್ಲಿ ಬೆಳೆಯಿತು, ಅದೇ ಗೆಲ್ಲುವ ದಾರಿ ಅನ್ನೋದು ರೇಮಂಡನ ವಾದ. ಇಗರ್ಜಿ ಅಂದಾಗ ಅವನ ಮನಸ್ಸಿನಲ್ಲಿ ಬರೀ ದುಡ್ಡಿನ ಕಂಪನಿಗಳಿರಲಿಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೊಳಗಿನ ದೊಡ್ಡ ಪ್ರೋಗ್ರಾಮುಗಳೂ ಅವನ ಕಣ್ಣಿಗೆ ಇಗರ್ಜಿಯೇ. ಅಂದರೆ ಇದು ಒಂದೇ ಮನೆಯೊಳಗಿನ ಜಗಳ ಕೂಡ ಹೌದು.

ಬರವಣಿಗೆ ಚೆನ್ನಾಗಿದೆ. ಕೆಲಸ ಬಲ್ಲವನು ಕೆಲಸದ ಬಗ್ಗೆ ಮಾತಾಡುವಾಗ ಇರುವ ಬಿಗಿ ಅದರಲ್ಲಿದೆ. ಪಂಡಿತರ ಪ್ರಬಂಧಗಳ ಹಾಗೆ ಮೊದಲು ಹತ್ತು ಪುಟ ಪೀಠಿಕೆ ಹಾಕಲ್ಲ. ನಡುನಡುವೆ 19 ಪಾಠಗಳನ್ನು ಗಾದೆ ಹಾಗೆ ಪೋಣಿಸಿದ್ದಾನೆ. ಗಾದೆಗೆ ಒಂದು ಗುಣ ಇದೆ, ಅದು ನಾಲಿಗೆಗೆ ಸಲೀಸು. ಒಂದು ದೋಷವೂ ಇದೆ, ಯಾರು ಯಾರಿಗೆ ಹೇಳಿದ್ದು ಅನ್ನೋದನ್ನ ಅದು ನುಂಗಿಬಿಡುತ್ತೆ. ಅವನ ಮೊದಲನೇ ಪಾಠವನ್ನೇ ತಗೊಳ್ಳಿ. ಒಳ್ಳೆಯ ಸಾಫ್ಟ್‌ವೇರು ಬರೆಯುವವನ ಸ್ವಂತ ತುರಿಕೆಯಿಂದ ಹುಟ್ಟುತ್ತೆ ಅನ್ನುತ್ತಾನೆ. ನಿಜವೇ. ಆದರೆ ಕೆರೆದುಕೊಳ್ಳೋಕೆ ಕೈ ಇದ್ದವರ ತುರಿಕೆ ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಕನ್ನಡದ ಅಕ್ಷರವನ್ನೇ ನೋಡಿ. ಅಕ್ಷರಕ್ಕೆ ಒಂದು ಮನೆ, ಸಾಲಾಗಿ ಮುಂದಕ್ಕೆ ಅನ್ನುವ ಇಂಗ್ಲಿಷಿನ ಲೆಕ್ಕದಲ್ಲಿ ಹುಟ್ಟಿದ ಯಂತ್ರಕ್ಕೆ ನಮ್ಮ ಒತ್ತಕ್ಷರ ಕೆಳಗೆ ಇಳಿಯೋದು, ಗುಣಿತದ ಗುರುತು ಮೇಲೆ ಕೂರೋದು ಅರ್ಥವಾಗಿರಲಿಲ್ಲ. ಯೂನಿಕೋಡಿನ ಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇತ್ತು. ಪಟ್ಟಿಯಲ್ಲಿ ಹೆಸರಿದ್ದರೂ ಪರದೆ ಮೇಲೆ ಅಕ್ಷರ ನೆಟ್ಟಗೆ ಕೂರೋಕೆ ಬಹಳ ವರ್ಷ ಹಿಡೀತು. ವ್ಯೂರ್ಟ್ಸ್‌ಬರ್ಗಿನ ಸಭೆಯಲ್ಲಿ ಕೂತಿದ್ದವರಿಗೆ ಅದು ತುರಿಕೆ ಆಗಿರಲಿಲ್ಲ. ಅದು ಅವರ ತಪ್ಪಲ್ಲ, ಮೈ ಅವರದಲ್ಲ ಅಷ್ಟೆ. ಆದರೆ ತನ್ನ ಮೈಯನ್ನೇ ಲೋಕದ ಮೈ ಅಂತ ಪಾಠ ಮಾಡೋದು ಬರಹಗಾರನ ತಪ್ಪು.

ಈಗ ಈ ಬಜಾರಿನ ದೊಡ್ಡ ಮಾತಿಗೆ ಬರೋಣ. ಕೋಡು ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಿನ್ನ ಹೆಸರು ಕುಲ ಬಣ್ಣ ಯಾರೂ ಕೇಳಲ್ಲ, ಕೆಲಸ ತೋರಿಸಿದರೆ ಸಾಕು. ಈ ಮಾತು ಓದಿದಾಗ ನನ್ನಂಥವನಿಗೆ ರೋಮಾಂಚನ ಆಗದೆ ಇರಲ್ಲ. ಓದಬೇಡ ಅನ್ನಿಸಿಕೊಂಡೇ ತಲೆತಲಾಂತರ ಕಳೆದವರ ಮನೆಯಿಂದ ಬಂದವನಿಗೆ, ಲೋಕದ ಅತಿ ದೊಡ್ಡ ಯಂತ್ರಗಳ ಒಳಗಿನ ಬರಹವನ್ನು ಯಾರ ಅಪ್ಪಣೆಯೂ ಇಲ್ಲದೆ ಬಿಚ್ಚಿ ಓದಬಹುದು ಅನ್ನೋದು ಹೊಸ ಸಂಗತಿ. ಈ ಕಸುಬಿನ ಅರ್ಧ ಪಾಲು ನಾನು ಕಲಿತದ್ದು ಹಾಗೆ ಓದಿಯೇ, ಕಾಲೇಜಿನಲ್ಲಿ ಅಲ್ಲ. ಈ ಋಣವನ್ನು ಸಣ್ಣದು ಮಾಡಿ ಬರೆಯಲಾರೆ.

ಆದರೆ 'ತೆರೆದಿದೆ' ಅನ್ನುವ ಮಾತಿನ ಚರಿತ್ರೆ ನಮಗೆ ಬೇರೆ ಥರ ಗೊತ್ತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಬೊಂಬಾಯಿ ಶಾಸನ ಸಭೆ 1923ರಲ್ಲಿ ಠರಾವು ಮಾಡಿತು. ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಿತು. ಕಾಗದದ ಮೇಲೆ ತೆರೆಯಿತು. ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರನ್ನು ಬೊಗಸೆಗೆ ತಗೊಂಡದ್ದು 1927ರ ಮಾರ್ಚ್ 20ರಂದು. ಆ ಮೂರು ವರ್ಷ ಕೆರೆ ತೆರೆದೇ ಇತ್ತು, ಕುಡಿಯುವವರು ಮಾತ್ರ ಹೋಗೋ ಹಾಗಿರಲಿಲ್ಲ. ಕೆರೆಗೂ ಕೋಡಿಗೂ ಹೋಲಿಕೆ ಪೂರ್ತಿ ಕೂರಲ್ಲ, ಗೊತ್ತು. ಕೋಡು ಮುಟ್ಟಿದರೆ ಯಾರೂ ಹೊಡೆಯೋಕೆ ಬರಲ್ಲ. ಆದರೂ ಠರಾವಿಗೂ ಬೊಗಸೆಗೂ ನಡುವೆ ಒಂದು ದೂರ ಇರುತ್ತೆ, ಆ ದೂರ ಎಷ್ಟು ಅಂತ ಅಳೆಯದೆ ತೆರೆದಿದೆ ತೆರೆದಿದೆ ಅಂತ ಡಂಗುರ ಹೊಡೆದರೆ ಆಗಲಿಲ್ಲ. ರೇಮಂಡ್ ಅಳೆದಿಲ್ಲ.

ಅಳೆಯೋಣ. ಒಬ್ಬ ಸಾಫ್ಟ್‌ವೇರ್ ನೌಕರನ ದಿನ ಹೇಗಿರುತ್ತೆ? ಬೆಳಿಗ್ಗೆ ನಿಂತು ವರದಿ ಒಪ್ಪಿಸೋ ಮೀಟಿಂಗು. ಆಮೇಲೆ ಟಿಕೆಟ್ಟುಗಳ ಸಾಲು. ಹೊಸದು ಬರೆಯೋದಕ್ಕಿಂತ ಹೆಚ್ಚು ಹೊತ್ತು ಇನ್ನೊಬ್ಬ ಬರೆದಿಟ್ಟು ಹೋದದ್ದನ್ನು ಓದಿ ಅರ್ಥಮಾಡಿಕೊಳ್ಳೋದರಲ್ಲಿ ಹೋಗುತ್ತೆ. ಬರೆದದ್ದನ್ನು ಬೇರೆಯವರು ತಿದ್ದುತ್ತಾರೆ, ಅವರದನ್ನು ನಾವು ತಿದ್ದುತ್ತೀವಿ. ಅಮೆರಿಕದವರಿಗೆ ಹಗಲಾದಾಗ ನಮಗೆ ರಾತ್ರಿಯ ಫೋನು. ಪಾಳಿ ಬಿದ್ದ ವಾರ ನಡುರಾತ್ರಿ ಎರಡಕ್ಕೂ ಫೋನು ಕೂಗುತ್ತೆ. ಹೀಗೆ ಬರೆದದ್ದೆಲ್ಲ ಕರಾರಿನ ಪ್ರಕಾರ ಕಂಪನಿಯದು. ಕೆಲಸ ಬಿಟ್ಟ ದಿನ ಒಂದು ಸಾಲನ್ನೂ ತೋರಿಸುವ ಹಾಗಿಲ್ಲ. ಆದ್ದರಿಂದ ನೀನು ಯಾರು, ನಿನಗೆ ಏನು ಬರುತ್ತೆ ಅಂತ ಲೋಕಕ್ಕೆ ತೋರಿಸಬೇಕಾದರೆ ಸಂಜೆ, ಶನಿವಾರ, ಭಾನುವಾರ ಕೂತು ಈ ಬಜಾರಿನಲ್ಲಿ ಕಾಸಿಲ್ಲದ ಕೆಲಸ ಮಾಡಿರಬೇಕು. ಗಿಟ್‌ಹಬ್ 2017ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಕೋಡು ಕೊಡುವವರಲ್ಲಿ ಅರ್ಧದಷ್ಟು ಜನ ಈಗಿನ ಕೆಲಸ ಸಿಗೋಕೆ ತಮ್ಮ ಓಪನ್ ಸೋರ್ಸ್ ಕೆಲಸ ನೆರವಾಯಿತು ಅಂದರು. ಅದೇ ಸಮೀಕ್ಷೆಗೆ ಉತ್ತರ ಕೊಟ್ಟವರಲ್ಲಿ ನೂರಕ್ಕೆ 95 ಗಂಡಸರು, 3 ಹೆಂಗಸರು.

ಈ 95 ಮತ್ತು 3ರ ಒಳಗೆ ಒಂದು ಇಡೀ ಅಡುಗೆಮನೆ ಇದೆ. ಸಂಜೆ ಯಾರದು? ಕಚೇರಿಯಿಂದ ಬಂದು ಕೂಸು ಎತ್ತಿಕೊಳ್ಳುವವಳಿಗೆ ಸಂಜೆ ಇಲ್ಲ. ಒಂದು ರೂಮಿನಲ್ಲಿ ನಾಲ್ಕು ಜನ ಮಲಗೋ ಹುಡುಗರಿಗೆ ಸಂಜೆ ಇದ್ದರೂ ಮೇಜಿಲ್ಲ. ಭಾನುವಾರ ಊರಿಗೆ ಹೋಗಿ ಅಪ್ಪನ ಆಸ್ಪತ್ರೆ ಚೀಟಿ, ತಮ್ಮನ ಫೀಸು ನೋಡಬೇಕಾದವನಿಗೆ ಭಾನುವಾರ ಇಲ್ಲ. ಆಶ್ ಡ್ರೈಡನ್ ಎಂಬ ಅಮೆರಿಕದ ಪ್ರೋಗ್ರಾಮರ್ 2013ರಲ್ಲೇ ಸಂಬಳವಿಲ್ಲದ ಈ ಶ್ರಮದ ನೀತಿಯ ಬಗ್ಗೆ ಒಂದು ಲೇಖನ ಬರೆದು ಬಿಡುವು ಅನ್ನೋದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಅಂತ ನೇರ ಹೇಳಿತ್ತು. ರೇಮಂಡನ ಪ್ರಬಂಧದ ಪಕ್ಕದಲ್ಲಿ ಆ ಲೇಖನವನ್ನಿಟ್ಟು ಓದಬೇಕು. ರೇಮಂಡ್ ಈ ಶ್ರಮವನ್ನು ಆಟ ಅನ್ನುತ್ತಾನೆ. ಇಲ್ಲಿ ದುಡಿಯುವವರಿಗೆ ಸಿಗುವ ಕೂಲಿ ಅಹಂಕಾರದ ತೃಪ್ತಿ ಮತ್ತು ಜೊತೆಯವರ ನಡುವಿನ ಹೆಸರು ಅನ್ನುತ್ತಾನೆ. ಪ್ರಾಮಾಣಿಕ ಮಾತು. ಆದರೆ ಹೆಸರಿನಿಂದ ಅಕ್ಕಿ ಬರೋವರೆಗೆ ಕಾಯೋ ಶಕ್ತಿ ಯಾರಿಗಿದೆ ಅಂತ ಕೇಳಲ್ಲ.

ಒಂದು ಕಡೆ ಅವನ ಪ್ರಬಂಧ ತನ್ನನ್ನು ತಾನೇ ಬಿಟ್ಟುಕೊಡುತ್ತೆ. ಇಷ್ಟೊಂದು ಜನ ಸ್ವತಂತ್ರರನ್ನು ಒಂದು ಕೆಲಸಕ್ಕೆ ಹೇಗೆ ಕೂಡಿಸೋದು ಅನ್ನೋ ಪ್ರಶ್ನೆ ಬಂದಾಗ ಅವನು ರಷ್ಯದ ಅರಾಜಕವಾದಿ ಕ್ರೊಪಾಟ್ಕಿನ್‌ನ ಆತ್ಮಕಥೆಯಿಂದ ಒಂದು ಭಾಗ ತರುತ್ತಾನೆ. ಜೀತಗಾರರನ್ನು ಇಟ್ಟುಕೊಂಡಿದ್ದ ಮನೆಯಲ್ಲಿ ಬೆಳೆದ ಕ್ರೊಪಾಟ್ಕಿನ್‌ಗೆ ಮೊದಮೊದಲು ಹುಕುಂ, ಗದರಿಕೆ, ಶಿಕ್ಷೆ ಇವುಗಳಲ್ಲೇ ನಂಬಿಕೆ ಇತ್ತಂತೆ. ಆಮೇಲೆ ಸ್ವತಂತ್ರ ಜನರ ಜೊತೆ ಕೆಲಸ ಮಾಡಬೇಕಾಗಿ ಬಂದಾಗ ಹುಕುಂ ಸಾಲದು, ಪರಸ್ಪರ ತಿಳುವಳಿಕೆ ಬೇಕು ಅಂತ ಗೊತ್ತಾಯಿತು. ಒಳ್ಳೆಯ ಮಾತೇ. ಕ್ರೊಪಾಟ್ಕಿನ್ ದೊಡ್ಡ ಮನುಷ್ಯ. ಆದರೆ ಗೆಳೆಯರೇ, ಇಲ್ಲಿ ಪಾಠ ಕಲಿತವನು ಒಡೆಯನ ಮಗ. ಆ ಮನೆಯ ಜೀತಗಾರ ಏನು ಕಲಿತ? ಸ್ವಂತ ಇಚ್ಛೆಯಿಂದ ಮಾಡು ಅಂತ ಹೇಳುವವನ ದನಿಯಲ್ಲಿ ಎಷ್ಟು ಹುಕುಂ ಉಳಿದಿದೆ ಅಂತ ಅವನ ಕಿವಿಗೆ ಕೇಳಿಸ್ತಿತ್ತಲ್ಲ, ಅದು ಈ ಪ್ರಬಂಧದಲ್ಲಿ ಇಲ್ಲ. ಇಡೀ ಪ್ರಬಂಧ ನಾಯಕನ ಕುರ್ಚಿಯಿಂದ ಬರೆದದ್ದು. ಜನರನ್ನು ಹೇಗೆ ಕರೀಬೇಕು, ಹೇಗೆ ಹೊಗಳಬೇಕು, ಹೇಗೆ ಉಳಿಸಿಕೊಳ್ಳಬೇಕು. ಬಂದವನು ಯಾಕೆ ಹೊರಟುಹೋದ, ದಣಿದವನಿಗೆ ಏನಾಯಿತು, ಇದಕ್ಕೆ ಒಂದು ಪಾಠವೂ ಇಲ್ಲ.

ದಣಿದವರ ಕಥೆ ಆಮೇಲೆ ಬಂತು. ಸಾಕಷ್ಟು ಕಣ್ಣುಗಳಿದ್ದರೆ ಯಾವ ತಪ್ಪೂ ಆಳದಲ್ಲಿ ಅಡಗಿರಲಾರದು ಅನ್ನುವ ಅರ್ಥದ ಮಾತೊಂದನ್ನು ರೇಮಂಡ್ ಲೀನಸ್‌ನ ಹೆಸರಿನಲ್ಲಿ ನಿಯಮ ಮಾಡಿಟ್ಟ. ಓಪನ್ ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮು ಬ್ಯಾಂಕು, ಅಂಗಡಿ, ಸರ್ಕಾರಗಳ ಗುಟ್ಟಿನ ಮಾತನ್ನು ತಂತಿಯಲ್ಲಿ ಕಾಯುವ ಕಾವಲುಗಾರ. ಅದರಲ್ಲಿ ಒಂದು ಸಣ್ಣ ಏರ್ಪಾಟು: ಈ ತುದಿಯವನು ಒಂದು ಮಾತು ಕಳಿಸಿ, ಇದು ಇಷ್ಟು ಅಕ್ಷರದ ಮಾತು, ವಾಪಸ್ ಹೇಳು ಅಂದರೆ ಆ ತುದಿಯವನು ವಾಪಸ್ ಹೇಳಬೇಕು, ಬದುಕಿದ್ದೀನಿ ಅಂತ ತೋರಿಸೋಕೆ. ಮೂರಕ್ಷರ ಕಳಿಸಿ ಅರವತ್ತು ಸಾವಿರ ಅಕ್ಷರ ಅಂತ ಸುಳ್ಳು ಹೇಳಿದರೆ? ಕಾವಲುಗಾರ ಅಳೆಯದೆ ತನ್ನ ಜೇಬಿನಲ್ಲಿದ್ದ ಪರರ ಗುಟ್ಟನ್ನೆಲ್ಲ ಸುರಿದು ಲೆಕ್ಕ ತುಂಬಿಸುತ್ತಿದ್ದ. 2012ರಲ್ಲಿ ಹೊರಬಂದ ಈ ತಪ್ಪು ಲೋಕಕ್ಕೆ ಗೊತ್ತಾದದ್ದು 2014ರ ಏಪ್ರಿಲ್‌ನಲ್ಲಿ. ಹೆಸರು ಹಾರ್ಟ್‌ಬ್ಲೀಡ್. ಎರಡು ವರ್ಷ ಕೋಡು ತೆರೆದೇ ಇತ್ತು. ಕಣ್ಣುಗಳು? ಲೋಕದ ವ್ಯಾಪಾರವೆಲ್ಲ ನೆಚ್ಚಿಕೊಂಡಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್, ಪೂರ್ತಿ ಹೊತ್ತು ಅದಕ್ಕೇ ದುಡಿಯುತ್ತಿದ್ದವನು ಒಬ್ಬ.

ಹತ್ತು ವರ್ಷ ಕಳೆದ ಮೇಲೂ ಇದೇ. ಎಕ್ಸ್‌ಝೀ ಎಂಬುದು ಕಡತಗಳನ್ನು ಮಡಚಿ ಚಿಕ್ಕದು ಮಾಡುವ ಪ್ರೋಗ್ರಾಮು, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರದಲ್ಲೂ ಇರುತ್ತೆ. ನೋಡಿಕೊಳ್ಳುತ್ತಿದ್ದವನು ಒಬ್ಬನೇ, ಬಿಡುವಿನಲ್ಲಿ, ಸಂಬಳವಿಲ್ಲದೆ. 2022ರಲ್ಲಿ ಅವನ ಮೇಲೆ ಒತ್ತಡ ಶುರುವಾಯಿತು: ಯಾಕೆ ತಡ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡು. ಇದು ಕಾಸಿಲ್ಲದ ಹವ್ಯಾಸದ ಕೆಲಸ ಕಣ್ರಪ್ಪ, ನನಗೂ ಹುಷಾರಿಲ್ಲ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಅದೇ ಹೊತ್ತಿಗೆ ನೆರವಿಗೆ ಬಂದ ಒಬ್ಬ 'ಸ್ವಯಂಸೇವಕ' ನಂಬಿಕೆ ಗಳಿಸಿ, ಕೀಲಿಕೈ ಹಿಡಿದು, 2024ರಲ್ಲಿ ಒಳಗೆ ಕಳ್ಳಬಾಗಿಲು ಕೂರಿಸಿದ. ಆ ವರ್ಷ ಮಾರ್ಚ್ ಕೊನೆಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ತನ್ನ ಯಂತ್ರಕ್ಕೆ ಲಾಗಿನ್ ಆಗೋದು ಅರ್ಧ ಸೆಕೆಂಡು ತಡವಾಗ್ತಿದೆಯಲ್ಲ ಅಂತ ಬೆನ್ನುಹತ್ತಿ ಹೋಗಿದ್ದಕ್ಕೆ ಲೋಕ ಬಚಾವಾಯಿತು. ಎಲ್ಲರೂ ಫ್ರಾಯಿಂಡನ ಕಣ್ಣನ್ನು ಹೊಗಳಿದರು, ಹೊಗಳಬೇಕಾದ್ದೇ. ದಣಿದಿದ್ದವನ ಕೈಯನ್ನು ಮೊದಲೇ ಯಾರಾದರೂ ಹಿಡಿದಿದ್ದರೆ ಕಣ್ಣಿನ ಮಾತೇ ಬರುತ್ತಿರಲಿಲ್ಲ.

ಈಗ ಸಂತೆ ಅನ್ನುವ ರೂಪಕಕ್ಕೇ ಬರಬೇಕು. ರೇಮಂಡನ ಬಜಾರಿನಲ್ಲಿ ಗದ್ದಲ ಇದೆ, ಬಣ್ಣ ಇದೆ, ಯಾರು ಬೇಕಾದರೂ ಬರಬಹುದು. ಇದು ಸಂತೆಗೆ ಕೊಳ್ಳೋಕೆ ಹೋದವನು ಕಂಡ ಸಂತೆ. ಕೂತು ಮಾರುವವಳು ಕಂಡ ಸಂತೆಯೇ ಬೇರೆ. ನಮ್ಮವ್ವ ಸಂತೇಲಿ ಪೊರಕೆ ಮಾರ್ತಾಳೆ. ಮರದ ನೆರಳಿನ ಜಾಗ ಯಾರದು, ಚರಂಡಿ ಪಕ್ಕದ ಜಾಗ ಯಾರದು ಅಂತ ಅವಳಿಗೆ ಕಣ್ಣುಮುಚ್ಚಿ ಗೊತ್ತು. ಸುಂಕದ ಹರಾಜು ಹಿಡಿದವನು ಚೀಟಿ ಹರಿದು ಕೈಯೊಡ್ಡುತ್ತಾನೆ, ಪೊರಕೆ ಮಾರಾಟವಾಗಿರಲಿ ಬಿಡಲಿ. ರೇಮಂಡನ ಸಂತೆಗೆ ಸುಂಕದವನು ಇಲ್ಲ. ನಿಜವಾದ ಸಂತೆಗೆ ಬಂದ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ಬನ್ನು ಕೊಂಡಿತು. ಸರಕು ಕೊಳ್ಳಲಿಲ್ಲ, ಸಂತೆ ಮೈದಾನವನ್ನೇ ಕೊಂಡಿತು. 2019ರಲ್ಲಿ ಐಬಿಎಂ 3400 ಕೋಟಿ ಡಾಲರಿಗೆ ರೆಡ್ ಹ್ಯಾಟ್ ಕೊಂಡಿತು. ಮೈದಾನದಲ್ಲಿ ಜನ ಹರವಿದ್ದ ಕೋಡನ್ನೆಲ್ಲ ಯಂತ್ರಕ್ಕೆ ಉಣಿಸಿ ತಯಾರಾದ ಕೋಪೈಲಟ್ ಎಂಬ ಬರೆಯುವ ಯಂತ್ರ 2022ರ ಜೂನ್‌ನಿಂದ ತಿಂಗಳಿಗೆ 10 ಡಾಲರಿನಂತೆ, ಕೆಲವರನ್ನು ಬಿಟ್ಟು ಮಿಕ್ಕವರಿಗೆ, ಮಾರಾಟಕ್ಕೆ ಬಂತು. ಬಿಟ್ಟಿ ಕೊಟ್ಟವನೇ ದುಡ್ಡು ಕೊಟ್ಟು ವಾಪಸ್ ಕೊಳ್ಳಬೇಕು.

ಬಿಟ್ಟಿ ಅನ್ನುವ ಮಾತು ಬಂತು. ನಮ್ಮ ಹಳ್ಳಿಗಳಿಗೆ ಕೂಲಿಯಿಲ್ಲದ ಕೆಲಸದಲ್ಲಿ ಎರಡು ಥರ ಗೊತ್ತು. ಒಂದು ಬಿಟ್ಟಿ ಚಾಕರಿ. ಊರಿನ ಕೆಲಸ, ದೇವರ ಕೆಲಸ, ನೀನು ಮಾಡಲೇಬೇಕು, ಮಾಡಿದರೆ ಊರ ಮಗ ಅಂತ ಹೆಸರು. ಇನ್ನೊಂದು ಮುಯ್ಯಾಳು. ಇವತ್ತು ನಿನ್ನ ಹೊಲದ ಕಳೆಗೆ ನಾನು ಬರ್ತೀನಿ, ನಾಳೆ ನನ್ನ ಹೊಲಕ್ಕೆ ನೀನು ಬಾ. ಎರಡರಲ್ಲೂ ಕಾಸಿಲ್ಲ, ಹೊರಗಿನವನಿಗೆ ಎರಡೂ ಒಂದೇ ಥರ ಕಾಣುತ್ತೆ. ಮಾಡುವವರಿಗೆ ವ್ಯತ್ಯಾಸ ಗೊತ್ತು: ಮುಯ್ಯಿ ತಿರುಗಿ ಬರುತ್ತೆ, ಬಿಟ್ಟಿ ಬರಲ್ಲ. ಸ್ಟಾಲ್ಮನ್ 1989ರಲ್ಲಿ ತಂದ ಜಿಪಿಎಲ್ ಲೈಸೆನ್ಸು ನನ್ನ ಮಟ್ಟಿಗೆ ಮುಯ್ಯಿಯನ್ನೇ ಕಾನೂನಿನ ಭಾಷೆಗೆ ತಂದ ಬರಹ. ನನ್ನ ಕೋಡನ್ನು ತಗೋ, ತಿದ್ದು, ಹಂಚು. ಆದರೆ ಹಂಚುವಾಗ ನಿನ್ನ ತಿದ್ದುಪಡಿಯನ್ನೂ ಇದೇ ಷರತ್ತಿನ ಮೇಲೆ ಎಲ್ಲರಿಗೂ ಬಿಡು. ಎಂಐಟಿ ಥರದ ಬೇರೆ ಲೈಸೆನ್ಸುಗಳಲ್ಲಿ ಈ ಷರತ್ತಿಲ್ಲ, ತಗೊಂಡು ಬಾಗಿಲು ಹಾಕಿಕೊಳ್ಳಬಹುದು. 1998ರ ಫೆಬ್ರವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ 'ಓಪನ್ ಸೋರ್ಸ್' ಅನ್ನುವ ಹೊಸ ಹೆಸರನ್ನು ರೇಮಂಡ್ ಮತ್ತು ಅವನ ಗೆಳೆಯರು ಊರೆಲ್ಲ ಸಾರಿದರು. ಸ್ಟಾಲ್ಮನ್ ಮುಂದಿಟ್ಟಿದ್ದ ಸ್ವಾತಂತ್ರ್ಯ ಅನ್ನುವ ಮಾತು ವ್ಯಾಪಾರಿಗಳಿಗೆ ಇರುಸುಮುರುಸು ಅಂತ ಅದನ್ನು ಪಕ್ಕಕ್ಕಿಟ್ಟು, ಈ ದಾರಿಯಲ್ಲಿ ಸಾಫ್ಟ್‌ವೇರು ಚೆನ್ನಾಗಿ ಬರುತ್ತೆ, ಅಗ್ಗವಾಗಿ ಬರುತ್ತೆ ಅಂತ ಮುಂದಿಟ್ಟರು. ನೀತಿ ಹೋಯಿತು, ನಿಪುಣತೆ ಬಂತು. ರೇಮಂಡನ ಪ್ರಬಂಧದ ನಿಜವಾದ ರಾಜಕೀಯ ಇದು ಅಂತ ನನ್ನ ತಿಳುವಳಿಕೆ: ಮುಯ್ಯಿಯ ಹಾಡು ಹಾಡುತ್ತಾ ಬಿಟ್ಟಿಗೆ ದಾರಿ ಮಾಡಿಕೊಟ್ಟದ್ದು.

ಪುಸ್ತಕದ ಎರಡನೇ ದೊಡ್ಡ ಪ್ರಬಂಧ 'ಹೋಮ್‌ಸ್ಟೆಡಿಂಗ್ ದಿ ನೂಸ್ಫಿಯರ್'. ಕೋಡಿನ ಯೋಜನೆಗೆ ಒಡೆಯ ಯಾರು ಅನ್ನೋದಕ್ಕೆ ಅವನು ಜಾನ್ ಲಾಕ್‌ನ ಭೂಮಿ ಸಿದ್ಧಾಂತವನ್ನು ತರುತ್ತಾನೆ. ಖಾಲಿ ಬಿದ್ದ ನೆಲಕ್ಕೆ ಮೊದಲು ಹೋಗಿ ಬೆವರು ಸುರಿಸಿದವನು ಒಡೆಯ. ಅಮೆರಿಕದ ಹೋಮ್‌ಸ್ಟೆಡ್ ಕಾಯ್ದೆ 1862ರಲ್ಲಿ ಹೀಗೇ 160 ಎಕರೆ ಹಂಚಿತು. ಆ ನೆಲ ಖಾಲಿ ಇರಲಿಲ್ಲ, ಅಲ್ಲಿ ಜನ ಇದ್ದರು, ಅವರನ್ನು ಓಡಿಸಿದ್ದರು ಅನ್ನೋದು ಈ ಪ್ರಬಂಧದ ಹೋಲಿಕೆಗೆ ಸೋಂಕೇ ಇಲ್ಲ. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲ ಮೇಲೆ ಕೂತವರ ಮಕ್ಕಳು ಓದಿದರೆ ಮೊದಲು ಕೇಳೋ ಪ್ರಶ್ನೆಯೇ ಅದು. ಮೂರನೇ ಪ್ರಬಂಧ ಕಂಪನಿಗಳು ಇದರಿಂದ ದುಡ್ಡು ಹೇಗೆ ಮಾಡಬಹುದು ಅಂತ ಹೇಳುತ್ತೆ. ಅದನ್ನು ಕಂಪನಿಗಳೇ ನಮಗಿಂತ ಚೆನ್ನಾಗಿ ಓದಿಕೊಂಡಿವೆ.

ಈ ಜಗತ್ತಿನ ಜಾತ್ರೆಗಳು ಅಂದರೆ ಕಾನ್ಫರೆನ್ಸುಗಳು. ರೇಮಂಡನ ಪ್ರಬಂಧ ಹುಟ್ಟಿದ್ದೂ ಒಂದು ಕಾನ್ಫರೆನ್ಸಿನ ವೇದಿಕೆಯಲ್ಲಿ ಅನ್ನೋದು ಮರೀಬಾರದು. ಬೆಂಗಳೂರಿಗೂ ಇದರಲ್ಲಿ ಹಳೆಯ ಪಾಲಿದೆ: 2001ರಲ್ಲಿ 'ಲಿನಕ್ಸ್ ಬೆಂಗಳೂರು' ಅಂತ ಶುರುವಾದ ಸಮ್ಮೇಳನ ಆಮೇಲೆ 'ಫಾಸ್ ಡಾಟ್ ಇನ್' ಆಗಿ 2012ರವರೆಗೆ ನಡೆಯಿತು, ಪೈಥಾನ್ ಭಾಷೆಯವರ ಪೈಕಾನ್ ಇಂಡಿಯಾ ಮೊದಲು ಸೇರಿದ್ದು 2009ರಲ್ಲಿ ಇಲ್ಲೇ. ವೇದಿಕೆಯ ಭಾಷಣಗಳು ಆಮೇಲೆ ವೀಡಿಯೋದಲ್ಲಿ ಸಿಗುತ್ತವೆ. ಅಲ್ಲಿಗೆ ಹೋದವರು ಹೇಳೋ ಪ್ರಕಾರ ಅಸಲಿ ಕಾನ್ಫರೆನ್ಸು ನಡೆಯೋದು ಪಡಸಾಲೆಯಲ್ಲಿ, ಕಾಫಿ ಲೋಟ ಹಿಡಿದು ನಿಂತಾಗ. ಕೆಲಸ ಕೊಡಿಸೋದು, ಪ್ಯಾಚು ಒಪ್ಪಿಸೋದು, ಹೆಸರು ಪರಿಚಯವಾಗೋದು ಅಲ್ಲೇ. ಟಿಕೆಟ್ಟು ಕಂಪನಿ ಕೊಡಿಸಿದವನಿಗೆ ಅಲ್ಲಿ ನಿಲ್ಲೋದು ಸಲೀಸು. ರಜೆ ಹಾಕಿ, ಸ್ವಂತ ದುಡ್ಡು ಕಟ್ಟಿ, ಮಾಗಡಿ ರೋಡಿಂದ ಎರಡು ಬಸ್ ಹಿಡಿದು ಹೋದವನು ಸ್ಟಿಕ್ಕರು ಇಸ್ಕೊಂಡು ಗೋಡೆ ಪಕ್ಕ ನಿಂತಿರ್ತಾನೆ. ಇಂಗ್ಲಿಷು ಬರುತ್ತೆ, ಪಡಸಾಲೆಯ ಇಂಗ್ಲಿಷು ಬರಲ್ಲ. ಹೀಗೆ ನಿಂತಿದ್ದಾಗ ನನಗೆ ಬಂದ ಮೊದಲ ಪ್ರಶ್ನೆ ಏನು ಬರೆದಿದ್ದೀಯ ಅಂತ ಅಲ್ಲ, ಯಾವ ಕಾಲೇಜು ಅಂತ. ಎರಡನೆಯದು ಯಾವ ರ್‍ಯಾಂಕು. ಊರಲ್ಲಿ ಯಾರ ಪೈಕಿ ಅಂತ ಕೇಳ್ತಾರಲ್ಲ, ಅದರ ಹೊಸ ಬಟ್ಟೆ ಇದು.

ಪ್ರತಿಭೆ, ಮೆರಿಟ್ಟು ಅನ್ನುವ ಮಾತಿಗೆ ಈ ಜಗತ್ತು ಕೊಟ್ಟಷ್ಟು ಪೂಜೆ ಇನ್ಯಾರೂ ಕೊಟ್ಟಿಲ್ಲ. ಗಿಟ್‌ಹಬ್ ಕಂಪನಿ ತನ್ನ ಕಚೇರಿಯಲ್ಲಿ ತಾನು ಪ್ರತಿಭೆಯ ಗಣರಾಜ್ಯ ಅನ್ನೋ ಅರ್ಥದ ರತ್ನಗಂಬಳಿಯನ್ನೇ ಹಾಸಿತ್ತು. ಟೀಕೆ ಬಂದ ಮೇಲೆ 2014ರಲ್ಲಿ ಸುತ್ತಿಟ್ಟಿತು. 'ಮೆರಿಟಾಕ್ರಸಿ' ಅನ್ನೋ ಪದವನ್ನು ಜನಕ್ಕೆ ಮುಟ್ಟಿಸಿದ ಮೈಕೆಲ್ ಯಂಗ್ 1958ರಲ್ಲಿ ಅದನ್ನು ಬರೆದದ್ದು ಗೇಲಿಗೆ, ಇಂಥದೊಂದು ಕೆಟ್ಟ ಸಮಾಜ ಬಂದೀತು ಅಂತ ಎಚ್ಚರಿಸೋಕೆ. ಗೇಲಿಯನ್ನೇ ಮಂತ್ರ ಮಾಡಿಕೊಂಡರು. ಇದರ ಭಾರತದ ಮುಖವನ್ನು ಅಜಂತಾ ಸುಬ್ರಮಣಿಯನ್ 2019ರ 'ದಿ ಕಾಸ್ಟ್ ಆಫ್ ಮೆರಿಟ್' ಪುಸ್ತಕದಲ್ಲಿ ಮದ್ರಾಸಿನ ಐಐಟಿಯನ್ನು ಮುಂದಿಟ್ಟು ಬಿಡಿಸಿದ್ದಾರೆ. ಅಮೆರಿಕದ ಮುಖ 2020ರ ಜೂನ್ 30ರಂದು ಕೋರ್ಟಿಗೆ ಬಂತು. ಸಿಸ್ಕೋ ಕಂಪನಿಯಲ್ಲಿ ದಲಿತ ಎಂಜಿನಿಯರೊಬ್ಬರು ಮೀಸಲಾತಿಯಿಂದ ಐಐಟಿ ಸೇರಿದವರು ಅಂತ ಮೇಲಿನವರು ಜೊತೆಯವರಿಗೆ ಹೇಳಿ, ಆಮೇಲೆ ತಾರತಮ್ಯ ಮಾಡಿದರು ಅನ್ನೋದು ಕ್ಯಾಲಿಫೋರ್ನಿಯ ಸರ್ಕಾರದ ಇಲಾಖೆ ಹೂಡಿದ ದಾವೆಯ ಆರೋಪ. ಕಂಪನಿ ಅದನ್ನು ಅಲ್ಲಗಳೆಯಿತು. 2023ರಲ್ಲಿ ಇಲಾಖೆ ಆ ಇಬ್ಬರು ಮೇಲಧಿಕಾರಿಗಳ ಮೇಲಿನ ದಾವೆಯನ್ನು ತಾನೇ ಕೈಬಿಟ್ಟು ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ಆರೋಪದ ನಿಜ ಸುಳ್ಳು ಕೋರ್ಟಿಗೆ ಬಿಟ್ಟದ್ದು. ಆದರೆ ಸಮುದ್ರ ದಾಟಿ ಹೋದ ಮೇಲೂ ರ್‍ಯಾಂಕಿನ ಪಟ್ಟಿ ಬೆನ್ನಿಗೆ ಬರಬಲ್ಲದು ಅನ್ನೋದನ್ನ ಒಂದು ಸರ್ಕಾರ ದಾಖಲೆಗೆ ತಂತಲ್ಲ, ಅದು ಬಜಾರಿನ ಯಾವ ಪಾಠದಲ್ಲೂ ಇಲ್ಲ.

ಹಾಗಾದರೆ ಈ ಸಂತೆಯನ್ನು ಬಿಟ್ಟು ಹೋಗೋದಾ? ನಾನು ಹಾಗೆ ಹೇಳ್ತಿಲ್ಲ. ಹೊರಗೆ ನಿಂತು ಬಯ್ಯೋದು ಸುಲಭ, ಅದು ನಮ್ಮ ಕಸುಬಲ್ಲ. ಸಂತೆಯೊಳಗೇ ಬೇರೆ ಮಾದರಿಗಳು ಹುಟ್ಟಿವೆ, ರೇಮಂಡ್ ಅವಕ್ಕೆ ಕೊಡಬೇಕಾದಷ್ಟು ಜಾಗ ಕೊಡಲಿಲ್ಲ. ಪೈಥಾನ್ ಭಾಷೆಯನ್ನು ಹುಟ್ಟಿಸಿದ ಗೀಡೋ ವಾನ್ ರೋಸಮ್‌ಗೆ 'ಜೀವಮಾನದ ದಯಾಳು ಸರ್ವಾಧಿಕಾರಿ' ಅಂತ ತಮಾಷೆಯ ಬಿರುದಿತ್ತು. ಒಳ್ಳೇ ಗೌಡ ಅಂದ ಹಾಗೆ. ಒಳ್ಳೇ ಗೌಡನೂ ಗೌಡನೇ. 2018ರ ಜುಲೈನಲ್ಲಿ ಒಂದು ತಿದ್ದುಪಡಿಯ ಜಗಳದಲ್ಲಿ ದಣಿದು ಅವನೇ ಪಟ್ಟ ಬಿಟ್ಟ. 2019ರಿಂದ ಚುನಾಯಿತರಾದ ಐದು ಜನರ ಸಮಿತಿ ಅದನ್ನು ನಡೆಸುತ್ತಿದೆ. ಡೆಬಿಯನ್ ಅಂತ ಇನ್ನೊಂದು ಗುಂಪಿದೆ, ಲಿನಕ್ಸನ್ನು ಜೋಡಿಸಿ ಕೊಡುವ ಸಾವಿರದ ಆಸುಪಾಸಿನ ಸ್ವಯಂಸೇವಕರದು. ರೇಮಂಡ್ ವ್ಯೂರ್ಟ್ಸ್‌ಬರ್ಗಿನಲ್ಲಿ ಪ್ರಬಂಧ ಓದಿದ ಎರಡೇ ತಿಂಗಳಿಗೆ ಅವರು ಬಳಸುವವರ ಜೊತೆ ಒಂದು ಸಾಮಾಜಿಕ ಒಪ್ಪಂದ ಬರೆದುಕೊಂಡರು, 1998ರಲ್ಲಿ ಒಂದು ಸಂವಿಧಾನವನ್ನೂ ಮಾಡಿಕೊಂಡರು. ಪ್ರತಿ ವರ್ಷ ಮತ ಹಾಕಿ ಮುಖ್ಯಸ್ಥರನ್ನು ಆರಿಸುತ್ತಾರೆ. ಅಲ್ಲೂ ಎಲ್ಲ ಸರಿಯಿಲ್ಲ, ಹೆಣ್ಣುಮಕ್ಕಳು ಅಲ್ಲೂ ಕಡಿಮೆ. ಆದರೆ ಅವರ ವಾರ್ಷಿಕ ಸಮ್ಮೇಳನಕ್ಕೆ ಹೋಗೋಕೆ ಕೈಯಲ್ಲಿ ಕಾಸಿಲ್ಲದವರು ಪ್ರಯಾಣ, ಊಟ, ವಸತಿಗೆ ನೆರವು ಕೇಳಬಹುದು. 2023ರಲ್ಲಿ ಅದು ಕೊಚ್ಚಿಯಲ್ಲೇ ನಡೆಯಿತು, ಬೆಂಗಳೂರಿಂದ ಒಂದು ರಾತ್ರಿಯ ಬಸ್ಸು.

ಆ ಸಂವಿಧಾನದ ಶುರುವಿನಲ್ಲೇ, ಸಾಮಾನ್ಯ ನಿಯಮಗಳಲ್ಲಿ ಮೊದಲನೆಯದಾಗಿ ಒಂದು ಮಾತಿದೆ. ಈ ಬರಹ ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಹೊಣೆ ಹೇರಲ್ಲ. ಒಪ್ಪಿಸಿದ ಕೆಲಸವನ್ನೂ ಇಷ್ಟವಿಲ್ಲದವರು ಮಾಡಬೇಕಾಗಿಲ್ಲ ಅಂತ ಅದರ ತಾತ್ಪರ್ಯ. ಬಿಟ್ಟಿ ಚಾಕರಿಯನ್ನು ಕಂಡ ಮನೆಯವರಿಗೆ ಇದರ ತೂಕ ಗೊತ್ತಾಗುತ್ತೆ. ರೇಮಂಡನ ಪುಸ್ತಕ ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುತ್ತೆ, ಓದಿ. ಓದಿದ ಮೇಲೆ ಡೆಬಿಯನ್ ಸಂವಿಧಾನವನ್ನೂ ಓದಿ. ಅದನ್ನು ನಮ್ಮ ಈ ಪತ್ರಿಕೆಗೆ ಕನ್ನಡ ಮಾಡೋಕೆ ಯಾರಾದರೂ ಕೂರೋದಾದರೆ ಭಾನುವಾರ ಮಧ್ಯಾಹ್ನ ಎರಡು ಗಂಟೆ ನಾನೂ ಮುಯ್ಯಾಳಾಗಿ ಬರ್ತೀನಿ.